ಎಂಟು ಹೆಸರು

ಇವತ್ತು ಸಂಜೆ ಇಲ್ಲಿನ ಕೆಲವು ಲೇಖಕರು ಜೂಮ್‌ನಲ್ಲಿ ಸೇರಿದ್ದರು. 2021ರ ಮಾರ್ಚ್ 16ಕ್ಕೆ ಅಮೆರಿಕದ ಅಟ್ಲಾಂಟಾ ಸುತ್ತಮುತ್ತಲಿನ ಮೂರು ಸ್ಪಾಗಳಲ್ಲಿ ಗುಂಡೇಟಿಗೆ ಸತ್ತ 8 ಜನರಿಗಾಗಿ. ಅವರಲ್ಲಿ 6 ಜನ ಏಷ್ಯಾ ಮೂಲದ ಹೆಂಗಸರು.

ಮೊದಲು ಬಂದ ಕವಯಿತ್ರಿ ಕವಿತೆ ಓದಲೇ ಇಲ್ಲ. ಹಳದಿ ಚೀಟಿ ಹಿಡಿದು ಆ ಹೆಸರುಗಳನ್ನು ಓದಿದರು, ನಿಧಾನಕ್ಕೆ. ಒಂದು ಕೊರಿಯನ್ ಹೆಸರು ತಪ್ಪಾಯಿತು ಅಂತ ನಿಲ್ಲಿಸಿ, ಕ್ಷಮಿಸಿ ಅಂದು, ಮತ್ತೆ ಹೇಳಿದರು. ಚೀಟಿ ತುಂಬಾ ಪೆನ್ಸಿಲ್ ಗುರುತು, ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಅಂತ. ಎಷ್ಟು ಸಲ ಹೇಳಿಕೊಂಡಿದ್ದರೋ ಏನೋ.

ಕೊರೋನಾ ಬಂದಾಗಿನಿಂದ ದೊಡ್ಡ ದೊಡ್ಡವರೇ ಅದನ್ನು 'ಚೈನಾ ವೈರಸ್' ಅಂತ ಹೇಳಿ ಹೇಳಿ, ಬಸ್ಸಲ್ಲಿ ಕೆಮ್ಮೋಕೂ ಭಯ ಆಗುತ್ತೆ ಅಂದಿದ್ದರು ನಮ್ಮ ಪಕ್ಕದ ಮನೆಯ ಚೀನೀ ಅಜ್ಜಿ. ನಮ್ಮ ಮೈಸೂರಲ್ಲೂ 2020ರಲ್ಲಿ ನಾಗಾಲ್ಯಾಂಡಿನ ಹುಡುಗರನ್ನು ಮುಖ ನೋಡಿ ಅಂಗಡಿಯೊಳಗೆ ಬಿಟ್ಟಿರಲಿಲ್ಲ, ಅಲ್ವಾ? ಆಗ ನಾನು ಒಂದು ಸಾಲೂ ಬರೆಯಲಿಲ್ಲ. ಸುಮ್ನೆ ಇದ್ದೆ. ಅದು ಇವತ್ತು ಜಾಸ್ತಿ ಚುಚ್ಚಿತು.

ಊಟ ಆದಮೇಲೆ ಕೂತು ಆ ಹೆಸರುಗಳನ್ನು ಕನ್ನಡದಲ್ಲಿ ಬರೆದುಕೊಂಡೆ. ಎರಡು ಇನ್ನೂ ಸರಿಯಾಗಿ ಬಾಯಿಗೆ ಬರುತ್ತಿಲ್ಲ. ಕೊರಿಯನ್ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿಕೊಡಿ.