ಜನವರಿಯಲ್ಲಿ ಗ್ರೇಟ್ ಓಷನ್ ರೋಡ್: ಆ ಅರ್ಧ ಚಕ್ರದ ಬೋರ್ಡ್ ನೋಡದೆ ಹೊರಡಬೇಡಿ

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ತಂಗಿ ಮನೆಗೆ ಹೋಗಿದ್ದಾಗ ಮೂರು ದಿನ ಅಲ್ಲಿನ ಕಡಲತಡಿಯ ರಸ್ತೆ ಗ್ರೇಟ್ ಓಷನ್ ರೋಡ್ ಸುತ್ತೋಣ ಅಂತ ಹೊರಟೆವು. ನಮಗೆ ಸಂಕ್ರಾಂತಿ ಚಳಿ, ಅಲ್ಲಿ ನಡುಬೇಸಿಗೆ. ಕಾಡ್ಗಿಚ್ಚಿನ ಕಾಲ.

ದಾರಿ ಬದಿಯಲ್ಲಿ ಅರ್ಧ ಚಕ್ರದ ಬೋರ್ಡ್ ಇರುತ್ತದೆ. ಹಸಿರು, ಹಳದಿ, ಕಿತ್ತಳೆ, ಕಡುಗೆಂಪು, ಮಧ್ಯೆ ಒಂದು ಮುಳ್ಳು. ಮುಳ್ಳು ಹಳದಿ ಮೇಲಿತ್ತು. 'ಎಲ್ಲೋ ಬೆಂಕಿ ಬಿದ್ದಿದೆ ಕಣೇ' ಅಂದರು ನಮ್ಮ ಯಜಮಾನರು. ಹಾಗಲ್ವಂತೆ. ಬೆಂಕಿ ಬಿದ್ದಿದೆ ಅಂತ ಅದು ಹೇಳೋದಿಲ್ಲ, ಇವತ್ತು ಬಿದ್ದರೆ ಹತೋಟಿಗೆ ತರೋದು ಎಷ್ಟು ಕಷ್ಟ ಅಂತ ಹೇಳುತ್ತದೆ. 2022ರ ಸೆಪ್ಟೆಂಬರ್‌ನಿಂದ ಇಡೀ ದೇಶಕ್ಕೆ ಇದೇ ನಾಲ್ಕು ಹಂತ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಾಸ್ಟ್ರಾಫಿಕ್. ಕೊನೆಯದು ಬಂದರೆ ಕಾಡಿನ ಸುತ್ತಮುತ್ತ ಇರಲೇಬಾರದು, ಹಿಂದಿನ ರಾತ್ರಿಯೋ ಬೆಳಿಗ್ಗೆ ಬೇಗನೋ ಹೊರಟುಬಿಡಬೇಕು. ರೇಟಿಂಗ್ ಜಿಲ್ಲೆಗೊಂದು. ಈ ರಸ್ತೆಯ ಮೇಲಿನ ಊರುಗಳಲ್ಲೇ ಲಾರ್ನ್ ಒಂದು ಜಿಲ್ಲೆಗೆ ಸೇರಿದ್ದು, ಅಪೋಲೋ ಬೇ ಇನ್ನೊಂದಕ್ಕೆ. ಎರಡೂ ನೋಡಿ.

ಮಾರನೇ ದಿನಕ್ಕೆ ಎಕ್ಸ್‌ಟ್ರೀಮ್ ಅಂತ ಸಂಜೆಯೇ ಗೊತ್ತಾಯಿತು. ನಾವು ಆಟ್ವೇ ಕಾಡಿನ ಜಲಪಾತಗಳಿಗೆ ಹೋಗುವವರಿದ್ದೆವು. ರೂಮಿನ ದುಡ್ಡು ವಾಪಸ್ ಬರಲ್ಲ ಅಂದರು, ಹೊಟ್ಟೆ ಉರೀತು, ಆದರೂ ಬೆಳಿಗ್ಗೆ ಆರಕ್ಕೇ ಮೆಲ್ಬರ್ನ್ ಕಡೆ ತಿರುಗಿದೆವು. ಯಾಕೆ ಅಂದರೆ ಆ ರಸ್ತೆಗೆ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ನೀಲಗಿರಿ ಮರದ ಗುಡ್ಡ, ಮುಂದೆ ಮುಚ್ಚಿದರೆ ಹಿಂದಕ್ಕೆ ಬಿಟ್ಟರೆ ಬೇರೆ ದಾರಿ ಕಮ್ಮಿ. 2015ರ ಕ್ರಿಸ್‌ಮಸ್ ದಿನ ಇದೇ ರಸ್ತೆಯ ವೈ ರಿವರ್, ಸೆಪರೇಷನ್ ಕ್ರೀಕ್‌ನಲ್ಲಿ 116 ಮನೆ ಸುಟ್ಟಿದ್ದವು.

ಅಲ್ಲಿನ ವಿಕ್ಟೋರಿಯಾ ರಾಜ್ಯ ಸರ್ಕಾರದ ವಿಕ್‌ಎಮರ್ಜೆನ್ಸಿ ಆ್ಯಪ್ ಹಾಕಿಕೊಂಡು, ನೀವು ಹೋಗುವ ಊರುಗಳಿಗೆ ವಾಚ್ ಝೋನ್ (ಎಚ್ಚರಿಕೆ ಬರಬೇಕಾದ ಜಾಗ) ಗುರುತು ಮಾಡಿಡಿ. ಬೆಂಕಿ ನಿಜವಾಗಿ ಬಿದ್ದಾಗ ಬರುವ ಎಚ್ಚರಿಕೆಗಳು ಬೇರೆ, ಒಂದಕ್ಕಿಂತ ಒಂದು ಗಂಭೀರ: ಅಡ್ವೈಸ್, ವಾಚ್ ಅಂಡ್ ಆಕ್ಟ್, ಎಮರ್ಜೆನ್ಸಿ ವಾರ್ನಿಂಗ್. ಕಾಡೊಳಗೆ ಸಿಗ್ನಲ್ ಕೈಕೊಡುತ್ತೆ, ಮೆಸೇಜ್ ಬರಲಿ ಅಂತ ಕಾಯಬೇಡಿ. ಕಾರಿನ ರೇಡಿಯೋದಲ್ಲಿ ಎಬಿಸಿ (ಅಲ್ಲಿನ ಸಾರ್ವಜನಿಕ ಬಾನುಲಿ) ಹಾಕಿಡಿ. ಪೆಟ್ರೋಲ್ ಅರ್ಧ ಟ್ಯಾಂಕ್‌ಗಿಂತ ಇಳಿಸಬೇಡಿ. ನೀರು, ಹತ್ತಿ ಬಟ್ಟೆ, ಉಣ್ಣೆ ಕಂಬಳಿ ಕಾರಲ್ಲಿರಲಿ. ಟೋಟಲ್ ಫೈರ್ ಬ್ಯಾನ್ ಇದ್ದರೆ ಬಯಲಲ್ಲಿ ಸೌದೆ ಹೊತ್ತಿಸುವ ಹಾಗಿಲ್ಲ. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ.

ಅವತ್ತು ಮಧ್ಯಾಹ್ನ ತಂಗಿ ಮನೆಯಲ್ಲಿ ಕಿಟಕಿ ತೆಗೆದರೆ ಒಲೆ ಬಾಯಿಂದ ಬಂದ ಹಾಗೆ ಉತ್ತರದ ಗಾಳಿ. ಸಂಜೆ ದಿಕ್ಕು ಬದಲಾಗಿ ಸಮುದ್ರದ ಕಡೆಯಿಂದ ತಣ್ಣಗೆ ಬೀಸಿತು. 'ಸದ್ಯ, ಮುಗೀತು' ಅಂದೆ. 'ಅದೇ ಅಪಾಯದ ಹೊತ್ತು ಅಕ್ಕ' ಅಂದಳು. ಉದ್ದಕ್ಕೆ ಉರಿಯುತ್ತಿದ್ದ ಬೆಂಕಿಯ ಪಕ್ಕೆ, ಗಾಳಿ ತಿರುಗಿದ್ದೇ ಅಗಲದ ಮುಂಚೂಣಿ ಆಗಿಬಿಡುತ್ತದಂತೆ. ಎರಡು ದಿನ ಬಿಟ್ಟು ಮುಳ್ಳು ಹಸಿರಿಗೆ ಇಳಿದ ಮೇಲೆ ಜಲಪಾತ ನೋಡಿ ಬಂದೆವು.