ಲಗ್ನಪತ್ರಿಕೆ ಮನೆಯಲ್ಲೇ ಮಾಡಿದ್ರೆ ಅಗ್ಗ ಆಗುತ್ತಾ?

ತಮ್ಮನ ಮದುವೆಗೆ ನಾವು ಮನೆಯಲ್ಲೇ ಲಗ್ನಪತ್ರಿಕೆ ಮಾಡಿದ್ದೆವು. ಅದನ್ನು ನೋಡಿದವರೆಲ್ಲ ನನ್ನನ್ನು ಕೇಳುವುದು ಒಂದೇ: "ಪ್ರೆಸ್ಸಿಗೆ ಕೊಡೋದಕ್ಕಿಂತ ಅಗ್ಗ ಆಯ್ತಾ? ನಮ್ಮನೆ ಮದುವೆಗೂ ಮಾಡಬಹುದಾ?"

ಅಗ್ಗ ಆಗುವುದಿಲ್ಲ. ಶಿವಕಾಶಿಯಿಂದ ಬರುವ ರೆಡಿಮೇಡ್ ಕಾರ್ಡಿಗೆ ಊರಿನ ಪ್ರೆಸ್ಸಿನವರು ಮ್ಯಾಟರ್ ಹೊಡೆದು ಕೊಡುವ ದರಕ್ಕೆ ನೀವು ಏನು ಮಾಡಿದರೂ ಇಳಿಯಲು ಆಗದು. ಅವರು ಲೋಡುಗಟ್ಟಲೆ ತರಿಸುತ್ತಾರೆ, ನೀವು ಬಿಡಿಯಾಗಿ ಕೊಳ್ಳುತ್ತೀರಿ. ಕಾಗದಕ್ಕೆ ಅಷ್ಟೇನೂ ಆಗಲ್ಲ, ಒಳ್ಳೆಯ ಕವರಿಗೇ ದುಡ್ಡು ಹೋಗುವುದು. ನಿಮ್ಮ ಸಂಜೆಗಳಿಗೆ ಕೂಲಿ ಹಾಕಿಕೊಂಡರಂತೂ ಲೆಕ್ಕ ನೋಡದಿರುವುದೇ ಒಳ್ಳೆಯದು.

ಆದರೂ ಮಾಡಿ ಅಂತಲೇ ಹೇಳುತ್ತೇನೆ. ಆದರೆ ಎಲ್ಲರಿಗೂ ಮಾಡಬೇಡಿ. ಮನೆ ಬಾಗಿಲಿಗೆ ಹೋಗಿ, ಕುಂಕುಮ ಕೊಟ್ಟು ಕರೆಯುತ್ತೀರಲ್ಲ, ಆ ಮನೆಗಳಿಗೆ ಮಾತ್ರ ಮಾಡಿ. ಉಳಿದವರಿಗೆ ಪ್ರೆಸ್ಸಿನ ಕಾರ್ಡು, ಆಫೀಸಿನವರಿಗೆ ವಾಟ್ಸಾಪ್. ಅದರಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸೋದರಮಾವನಿಗೆ ವಾಟ್ಸಾಪ್ ಕಳಿಸಿದರೆ ಮಾತ್ರ ಗಲಾಟೆ. ಹಾಗಾಗಿ ಕಾಗದ ಕೊಳ್ಳುವ ಮೊದಲು ಹೋಗಿ ಕರೆಯುವ ಮನೆಗಳ ಪಟ್ಟಿ ಬರೆಯಿರಿ. ಮುನ್ನೂರು ಅಂದುಕೊಂಡಿದ್ದು ಎಂಬತ್ತಕ್ಕೋ ನೂರಕ್ಕೋ ಇಳಿಯುತ್ತದೆ. ಅಷ್ಟಾದರೆ ಮನೆಯವರೇ ಕೂತು ಮಾಡಬಹುದು.

ಇನ್ನು ಚಿತ್ರ. ನಾವು ಸಾಗರದ ಕಡೆಯವರು. ಇಲ್ಲಿ ದೀವರು ಅನ್ನುವ ಸಮುದಾಯದವರ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಅರೆದ ಬಿಳಿ. ಕಪ್ಪಿಗೆ ಅಕ್ಕಿಯನ್ನೇ ಕರಿ ಆಗುವಷ್ಟು ಹುರಿಯುತ್ತಾರೆ, ಹಳದಿಗೆ ಗುರಿಗೆ ಬೀಜ. ಕುಂಚ ಪುಂಡಿನಾರಿನದು. ಬರೆಯುವವರು ಹೆಂಗಸರು. ಮದುವೆಗೆ ಅಂತಲೇ ಇಂಥ ಚಿತ್ತಾರ ಇರುವಾಗ ಇಂಟರ್‌ನೆಟ್ಟಿನಲ್ಲಿ ಗುಲಾಬಿ ಬಳ್ಳಿ ಹುಡುಕುವುದು ಯಾಕೆ ಅನ್ನಿಸಿತು. ಪಕ್ಕದ ಮನೆಯ ಅಕ್ಕ ಗೋಡೆಗೆ ಬರೆದು ಪಳಗಿದವರು. ನನ್ನ ಮೊದಲ ಕಾರ್ಡು ನೋಡಿ, "ಅಂಗೈಯಗಲದ ಜಾಗದಲ್ಲಿ ಎಲ್ಲಾ ತುರುಕಬೇಡ ಮಾರಾಯ್ತಿ. ಸುತ್ತ ಎರಡು ಎಳೆ ಅಂಚು ಹಾಕು, ನಡುವೆ ಗಂಡು ಹೆಣ್ಣು. ಸಾಕು" ಅಂದರು. ಅಷ್ಟೇ ಬರೆದೆವು. ಇಟ್ಟಿಗೆ ಬಣ್ಣದ ಕಾಗದ, ಅದರ ಮೇಲೆ ಬಿಳಿ ಗೆರೆ.

ಗೋಡೆಯ ಬಣ್ಣವನ್ನು ಹಾಗೇ ಕಾಗದಕ್ಕೆ ತರಲು ಹೋಗಬೇಡಿ. ಅಕ್ಕಿಹಿಟ್ಟು ಒಣಗಿದ ಮೇಲೆ ಮಡಿಸಿದಲ್ಲೆಲ್ಲ ಪುಡಿಪುಡಿಯಾಗಿ ಉದುರುತ್ತದೆ. ಮಳೆಗಾಲದಲ್ಲಿ ಹುಳವೂ ಬರುತ್ತದೆ. ಅಕ್ರಿಲಿಕ್ ಬಿಳಿ ಒಳ್ಳೆಯದು. ನಿಮ್ಮದು ಧಾರವಾಡದ ಕಡೆ ಆದರೆ ಕಸೂತಿಯ ಗೋಪುರವೋ ತೇರೋ ಬರೆಯಿರಿ. ಚೌಕುಳಿ ಹಾಳೆಯ ಮೇಲೆ ಕಸೂತಿ ಕೂರುವಷ್ಟು ಚೆನ್ನಾಗಿ ಬೇರೆ ಯಾವುದೂ ಕೂರಲ್ಲ.

ಕಾಗದ 250 ಜಿಎಸ್‌ಎಂ (ಅಂದರೆ ಒಂದು ಚದರ ಮೀಟರಿಗೆ 250 ಗ್ರಾಂ ತೂಗುವಂಥದ್ದು) ಇದ್ದರೆ ಸಾಕು. ಒಂದು ಎ4 ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿ, ಒಂದೊಂದನ್ನೂ ನಡುವೆ ಮಡಿಸಿದರೆ ಎರಡು ಪತ್ರಿಕೆ. ನೂರಕ್ಕೆ ಐವತ್ತು ಹಾಳೆ, ಕೆಡುವುದಕ್ಕೆ ಅಂತ ಇನ್ನೊಂದು ಹತ್ತು. ಇಷ್ಟು ದಪ್ಪದ ಕಾಗದವನ್ನು ಸುಮ್ನೆ ಮಡಿಸಿದರೆ ಬೆನ್ನು ಒಡೆದು ಬಿಳಿ ನಾರು ಕಾಣುತ್ತದೆ. ರೀಫಿಲ್ ಖಾಲಿಯಾದ ಬಾಲ್ ಪೆನ್ ತಗೊಳ್ಳಿ. ಸ್ಟೀಲ್ ಸ್ಕೇಲ್ ಇಟ್ಟು ಮಡಿಕೆ ಬರುವಲ್ಲಿ ಒತ್ತಿ ಒಂದು ಗೀಟು ಎಳೆಯಿರಿ, ಆಮೇಲೆ ಮಡಿಸಿ. ಪ್ರೆಸ್ಸಿನ ಮಡಿಕೆ ಥರಾನೇ ಕೂರುತ್ತದೆ. ಈ ಅಳತೆಯ ಪತ್ರಿಕೆ ಎಂಟು ಗ್ರಾಂ ಸುತ್ತಮುತ್ತ ಬರುತ್ತದೆ. ಒಳಹಾಳೆ, ಮಾಮೂಲಿ ಕವರ್ ಸೇರಿದರೂ ಅಂಚೆಯವರ ಮೊದಲ ದರದ 20 ಗ್ರಾಂ ದಾಟುವುದಿಲ್ಲ. ದೂರದವರಿಗೆ ಕಳಿಸುವಾಗ ಉಪಯೋಗಕ್ಕೆ ಬರುತ್ತದೆ.

ಬೀಜದ ಕಾಗದ ಹೇಗೆ ಅಂತಲೂ ಕೆಲವರು ಕೇಳುತ್ತಾರೆ. ತುಳಸಿ, ಚೆಂಡುಹೂವಿನ ಬೀಜ ಹಾಕಿದ್ದು ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ಅದನ್ನು ಲೇಸರ್ ಪ್ರಿಂಟರಿಗೆ ಕೊಡಬೇಡಿ. ಒಳಗಿನ ಬಿಸಿ ರೋಲರಿಗೆ ಸಿಕ್ಕರೆ ಬೀಜದ ಕಥೆ ಮುಗಿಯಿತು.

ಒಳಗಿನ ಮ್ಯಾಟರನ್ನು ಮಾತ್ರ ಕೈಯಲ್ಲಿ ಬರೆಯಬೇಡಿ. ದಿನಾಂಕ, ಮುಹೂರ್ತ, ಛತ್ರದ ವಿಳಾಸ ಒಂದೇ ಒಂದು ಕಡೆ ತಪ್ಪಿದರೂ ಒಂದು ಮನೆಯವರು ಬೇರೆ ಛತ್ರದಲ್ಲಿ ಊಟ ಮಾಡಿಕೊಂಡು ಹೋಗುತ್ತಾರೆ. ತೆಳು ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಒಳಗೆ ಅಂಟಿಸಿ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿಕೊಂಡೇ ಅಂಗಡಿಗೆ ಹೋಗಿ. ಹಳೇ ನುಡಿ ಫಾಂಟಿನ ಫೈಲು ಕೊಟ್ಟರೆ, ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ, ವರನ ಹೆಸರಿನ ಜಾಗದಲ್ಲಿ ಏನೇನೋ ಬಂದಿರುತ್ತದೆ. ಡಿಸೈನ್ ಸಾಫ್ಟ್‌ವೇರಿನಲ್ಲಿ ಕೂರಿಸಿದ್ದಾದರೆ ಒತ್ತಕ್ಷರ, ಅರ್ಕಾವತ್ತು ಎರಡನ್ನೂ ಬೆರಳಿಟ್ಟು ನೋಡಿ. ಅಕ್ಷರ ದಪ್ಪಗಿರಲಿ, ಓದುವವರು ಅಜ್ಜ ಅಜ್ಜಿಯರು.

ಮತ್ತೆ, ಈ ಒಳಹಾಳೆಗೆ ಇಂಕ್‌ಜೆಟ್ ಬೇಡ, ಲೇಸರ್ ಪ್ರಿಂಟೇ ಇರಲಿ. ಯಾಕೆಂದರೆ ಕೊನೆಗೆ ಅರಿಶಿನ ಕುಂಕುಮ ಹಚ್ಚಬೇಕಲ್ಲ. ಒದ್ದೆ ಅರಿಶಿನ ತಾಗಿದರೆ ಇಂಕ್‌ಜೆಟ್ಟಿನ ಅಕ್ಷರ ಹರಡಿಕೊಳ್ಳುತ್ತದೆ. ಅರಿಶಿನವನ್ನು ಗಟ್ಟಿಯಾಗಿ ಕಲಸಿ, ಮೂಲೆಗೆ ಬೆರಳ ತುದಿಯಷ್ಟೇ ಹಚ್ಚಿ, ಫ್ಯಾನಿನ ಕೆಳಗೆ ಹರಡಿ. ಪೂರ್ತಿ ಒಣಗದೆ ಕವರಿಗೆ ಹಾಕಬೇಡಿ.

ಒಂದು ಕಡೆ ಮಾತ್ರ ನಿಮ್ಮ ಕಲೆ ನಡೆಯುವುದಿಲ್ಲ. "ಸುಖಾಗಮನ ಬಯಸುವವರು" ಅನ್ನುವ ಹೆಸರಿನ ಸಾಲು. ಪತ್ರಿಕೆ ಕೈಗೆ ಬಂದ ಕೂಡಲೇ ದೊಡ್ಡಪ್ಪ ಹಸೆ ನೋಡಲಿಲ್ಲ, ಕನ್ನಡಕ ಏರಿಸಿ ನೇರ ಕೆಳಗಡೆಗೆ ಹೋದರು. ತಮ್ಮ ಹೆಸರು ಯಾರ ಹೆಸರಿನ ಮೇಲಿದೆ, ಯಾರ ಕೆಳಗಿದೆ ಅಂತ ನೋಡಿದ ಮೇಲೇ "ಚೆನ್ನಾಗಿದೆ" ಅಂದಿದ್ದು. ಆ ಪಟ್ಟಿಯನ್ನು ಅಮ್ಮನ ಕೈಗೆ ಬಿಟ್ಟುಬಿಡಿ. ಜಾಗ ಸಾಲದು ಅಂತ ಒಂದು ಹೆಸರು ಬಿಡುವ ಯೋಚನೆಯನ್ನಂತೂ ಮಾಡಲೇಬೇಡಿ, ಬೇಕಾದರೆ ಅಂಚಿನ ಒಂದು ಎಳೆ ತೆಗೆಯಿರಿ.

ಎಲ್ಲ ಹಂಚಿ ಮುಗಿಸುವ ಮೊದಲು ಎರಡು ಮೂರು ಪತ್ರಿಕೆ ಬೀರುವಿನಲ್ಲಿ ಎತ್ತಿಡಿ. ಮದುವೆ ನೋಂದಣಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದಾಗ ಫೋಟೊ ಜೊತೆ ಲಗ್ನಪತ್ರಿಕೆಯನ್ನೂ ಕೇಳುತ್ತಾರೆ. ಅದಕ್ಕೇ ಹುಡುಗ ಹುಡುಗಿಯ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇರಲಿ. ಮನೆಯಲ್ಲಿ ಮಾಡಿದ್ದು ಅಂತ ಚಿಂಟು, ಪಿಂಕಿ ಅಂತೆಲ್ಲ ಹಾಕಿಬಿಟ್ಟೀರಿ.