ನಿನ್ನೆಯವರ ಹಿಟ್ಟು

ನಾದಿದ್ದು ನಾವು, ತಿಂದಿದ್ದು ಬೇರೆ ಯಾರೋ ನಾದಿದ್ದನ್ನು. ಇಟಲಿಯ ನೇಪಲ್ಸ್‌ನ ಪಿಜ್ಜಾ ಕ್ಲಾಸಿನ ಬಗ್ಗೆ ಯಾರು ಕೇಳಿದರೂ ಅಕ್ಕ ಮೊದಲು ಹೇಳುವುದು ಇದನ್ನೇ. ಆ ಸಿಟ್ಟು ಅವಳಿಗೆ ಇನ್ನೂ ಇಳಿದಿಲ್ಲ.

ಕ್ಲಾಸು ಇದ್ದಿದ್ದು ಸ್ಪಾಕ್ಕಾನಾಪೊಲಿ ಬೀದಿಯಿಂದ ಒಳಗೆ ತಿರುಗುವ ಒಂದು ಓಣಿಯಲ್ಲಿ. ತಲೆ ಮೇಲೆ ಒಣಗಿ ಹಾಕಿದ ಬಟ್ಟೆ, ಮೈಗೆ ತಾಗಿಕೊಂಡೇ ಹೋಗುವ ಸ್ಕೂಟರ್. ಬೆಳಿಗ್ಗೆ 11ಕ್ಕೆ ನಾವು ಎಂಟು ಜನ ಏಪ್ರನ್ ಕಟ್ಟಿಕೊಂಡು ಅಮೃತಶಿಲೆಯ ಮೇಜಿನ ಸುತ್ತ ನಿಂತೆವು. ಕಲಿಸುವವರು ಅರವತ್ತು ದಾಟಿದ ಒಬ್ಬ ಪಿಜ್ಜಾಯೋಲೊ, ಅಂದರೆ ಪಿಜ್ಜಾ ಮಾಡುವುದೇ ಕಸುಬಾದವರು. ಇಂಗ್ಲಿಷ್ ಕಡಿಮೆ, ಕೈಸನ್ನೆ ಜಾಸ್ತಿ. ಇವರ ಈ ಕಸುಬನ್ನು 2017ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅದನ್ನು ಹೇಳುವಾಗ ಎದೆ ತಟ್ಟಿಕೊಂಡರು. ಐದು ಬೆರಳೂ ಬಿಳಿಯಾಗಿ ಅಂಗಿ ಮೇಲೆ ಮೂಡಿದವು.

ನಾವು ಹಿಟ್ಟಿಗೆ ನೀರು ಹಾಕುವವರು. ಅಲ್ಲಿ ನೀರಿಗೆ ಹಿಟ್ಟು. ನಾಲ್ವರಿಗೆ ಒಂದು ಬೋಗುಣಿ, ಅದರಲ್ಲಿ 1 ಲೀಟರ್ ನೀರು, 50 ಗ್ರಾಂ ಉಪ್ಪು. ಉಪ್ಪು ಕರಗಿದ ಮೇಲೆ ಒಂದೆರಡು ಹಿಡಿ ಹಿಟ್ಟು, ಆಮೇಲೆ ಯೀಸ್ಟ್. ಎಷ್ಟು? ಬರೀ 2 ಗ್ರಾಂ. ಉಗುರಿನಷ್ಟು.

"ಇಷ್ಟೇನಾ?" ಅಂದಳು ಅಕ್ಕ.

ಯೀಸ್ಟ್ ಕಡಿಮೆ, ಹೊತ್ತು ಜಾಸ್ತಿ. ಅದೇ ಲೆಕ್ಕವಂತೆ. ಮೈದಾದಷ್ಟೇ ನುಣ್ಣಗಿನ '00' ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ಸುಮಾರು 1.7 ಕೆಜಿ ಸೇರಿಸಿದೆವು. ಎಣ್ಣೆ ಇಲ್ಲ, ಸಕ್ಕರೆ ಇಲ್ಲ. ಇಪ್ಪತ್ತು ನಿಮಿಷ ಸರದಿಯಲ್ಲಿ ನಾದಿದೆವು. ನನ್ನ ಸರದಿಯಲ್ಲೂ ಅಕ್ಕನೇ ನಾದಿದಳು. ನಾನು ನಾದುವುದು ಅವಳಿಗೆ ಯಾವತ್ತೂ ಸರಿ ಬಂದಿಲ್ಲ ಬಿಡಿ. ಕೊನೆಗೆ ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಾಯಿತು. ಆ ಮುದುಕರು ಒತ್ತಿ ನೋಡಿ "ಬ್ರಾವಾ" ಅಂದರು. ಅಕ್ಕ ಉಬ್ಬಿಹೋದಳು.

ಆಮೇಲೆ ಅವರು ಬೋಗುಣಿಗೆ ಒದ್ದೆ ಬಟ್ಟೆ ಮುಚ್ಚಿ, ಎತ್ತಿಕೊಂಡು ಒಳಗೆ ಹೋದರು. ಬರುವಾಗ ಕೈಯಲ್ಲಿ ಬೇರೆ ಟ್ರೇ. ಅದರ ತುಂಬಾ 250 ಗ್ರಾಮಿನ ಉಂಡೆಗಳು, ಆಗಲೇ ಉಬ್ಬಿ ಒಂದಕ್ಕೊಂದು ಅಂಟಿಕೊಂಡಿದ್ದವು. ಹಿಟ್ಟು ಹದವಾಗಲು ಕನಿಷ್ಠ 8 ಗಂಟೆ ಬೇಕು, ಹಾಗಾಗಿ ಇವತ್ತು ನಿನ್ನೆಯ ಕ್ಲಾಸಿನವರ ಹಿಟ್ಟು. ನಿಮ್ಮದು ನಾಳೆ ಬರುವವರಿಗೆ.

"ಅಷ್ಟು ನಾದಿದ್ದು ಯಾರಿಗೋ ಅಂತೆ!" ಅಕ್ಕ ನನ್ನ ಕಿವಿಯಲ್ಲಿ ಗೊಣಗಿದಳು. "ಇದನ್ನ ಯಾರು ನಾದಿದ್ದೋ, ಕೈ ತೊಳೆದಿದ್ರೋ ಇಲ್ವೋ."

ಲಟ್ಟಣಿಗೆ ಕೇಳಿದ್ದೂ ಅವಳೇ. ಕೇಳಬಾರದ್ದನ್ನು ಕೇಳಿದ ಹಾಗೆ ಅವರು ಕಣ್ಣು ಮುಚ್ಚಿಕೊಂಡರು. ಲಟ್ಟಿಸಿದರೆ ಹಿಟ್ಟಿನೊಳಗಿನ ಗಾಳಿಯೆಲ್ಲ ಸತ್ತುಹೋಗುತ್ತದೆ. ಬೆರಳ ತುದಿಯಿಂದ ನಡುವೆ ಒತ್ತಿ ಆ ಗಾಳಿಯನ್ನು ಅಂಚಿಗೆ ದೂಡಬೇಕು, ಅಂಚನ್ನು ಮಾತ್ರ ಮುಟ್ಟಬಾರದು. ಒಲೆಯಲ್ಲಿ ಉಬ್ಬುವ ಆ ಅಂಚಿಗೆ ಕೊರ್ನಿಚೋನೆ ಅನ್ನುತ್ತಾರೆ. ನಾವೆಲ್ಲ ಕೇಳಿದೆವು, ತಲೆಯಾಡಿಸಿದೆವು, ಅಂಚನ್ನೇ ಒತ್ತಿದೆವು.

ಮರಿನಾರಾ ಅಂತ ಕಡಲಿನ ನಂಟಿರುವ ಹೆಸರು ಕೇಳಿದಾಗ ಅಕ್ಕ ಮೀನಿರಬೇಕು ಅಂತ ದೂರ ಸರಿದಳು. ಹಾಗೇನಿಲ್ಲ, ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ, ಅಷ್ಟೇ. ಚೀಸ್ ಕೂಡ ಇಲ್ಲ. ಅವಳು ಅದನ್ನೇ ಮಾಡಿದಳು. ನಾನು ಮಾರ್ಗೆರೀಟಾ ಮಾಡಿದೆ. ಸ್ಯಾನ್ ಮಾರ್ಜಾನೊ ಟೊಮೆಟೊ ಸವರಿ, ಹಸುವಿನ ಹಾಲಿನ ಫಿಯೋರ್ ದಿ ಲಾತ್ತೆ ಹಾಕಿ, ಬೇಸಿಲ್ ಎಲೆ ಇಟ್ಟೆ. ಇನ್ನೊಂದಿಷ್ಟು ಚೀಸ್‌ಗೆ ಕೈ ಹಾಕಿದೆ. "ಬಾಸ್ತಾ!" ಅಂದರು. ಸಾಕು ಅಂತ. ಅವರು ಆ ಕಡೆ ತಿರುಗಿದಾಗ ಸುಮ್ನೆ ಒಂದು ಹಿಡಿ ಹಾಕಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಫೋಟೊ ತೆಗೆಯಲು ನಿಂತೆ. ಬೆಳಕು ಸರಿ ಇಲ್ಲ ಅಂತ ಇನ್ನೊಂದು. ಅಷ್ಟರಲ್ಲಿ ಹಸಿ ಹಿಟ್ಟು ಟೊಮೆಟೊ ರಸ ಕುಡಿದು ಕಲ್ಲಿಗೆ ಅಂಟಿಕೊಂಡಿತ್ತು. ಉದ್ದ ಹಿಡಿಯ ಸಲಿಕೆಗೆ ಎಳೆದಾಗಲೇ ನಡುವೆ ಬಿರುಕು ಬಿಟ್ಟಿತು, ಒಲೆಗೆ ಜಾರಿಸಿದಾಗ ಪೂರ್ತಿ ಹರಿಯಿತು. ಸೌದೆ ಒಲೆಯೊಳಗೆ 450 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ. ಚೀಸ್ ಒಲೆಯ ನೆಲಕ್ಕೆ ಬಿದ್ದಿದ್ದೇ ತಡ, ಹೊಗೆ. ಎಂಟೂ ಜನ ಕೆಮ್ಮಿದೆವು. ಅವರು ಬೈಯಲಿಲ್ಲ. ಸಲಿಕೆಯಿಂದಲೇ ಅದನ್ನು ಅರ್ಧಕ್ಕೆ ಮಡಚಿ ಹೊರಗೆ ತೆಗೆದು "ಕಲ್ಜೋನೆ", ಅಂದರೆ ಮಡಚಿದ ಪಿಜ್ಜಾ, ಅಂತ ಹೊಸ ಹೆಸರಿಟ್ಟು ನನ್ನ ಮುಂದೆ ಇಟ್ಟರು.

ಅಕ್ಕನದು 90 ಸೆಕೆಂಡಿನಲ್ಲಿ ಹೊರಗೆ ಬಂತು. ಗುಂಡಗೆ, ಅಂಚಿನ ತುಂಬಾ ಚಿರತೆ ಚುಕ್ಕೆ. ನಡುವೆ ಎಷ್ಟು ಮೆತ್ತಗೆ ಅಂದರೆ ತುಂಡು ಎತ್ತಿದರೆ ತುದಿ ಜೋತು ಬೀಳುತ್ತಿತ್ತು. ಅವಳು ಮಾತಿಲ್ಲದೆ ಮುಕ್ಕಾಲು ತಿಂದಳು.

"ನಿನ್ನೆಯವರು ಚೆನ್ನಾಗೇ ನಾದಿದ್ದಾರೆ," ಅಂದಳು ಆಮೇಲೆ.

ಮರುದಿನ ಮಧ್ಯಾಹ್ನ ಪಾಂಪೇಗೆ ರೈಲು ಹಿಡಿಯಬೇಕಿತ್ತು. ಅಕ್ಕ ಆ ಓಣಿಯಿಂದಲೇ ಹೋಗೋಣ ಅಂತ ಹಟ ಹಿಡಿದಳು. ಕ್ಲಾಸಿನ ಕಿಟಕಿ ತೆರೆದಿತ್ತು. ಒಳಗೆ ಹೊಸ ಎಂಟು ಜನ, ಹೊಸ ಏಪ್ರನ್, ನಮ್ಮ ಟ್ರೇ.

"ನೋಡೇ, ಆ ಹುಡುಗ ಹೆಂಗೆ ಎಳೀತಿದ್ದಾನೆ! ಹರಿದು ಹಾಕ್ತಾನೆ ನಮ್ಮ ಹಿಟ್ಟನ್ನ."

ಆ ಹುಡುಗನ ಪಿಜ್ಜಾ ಒಲೆಗೆ ಹೋಗಿ ಹೊರಗೆ ಬರುವವರೆಗೆ ಅವಳು ಕಿಟಕಿ ಬಿಟ್ಟು ಕದಲಲಿಲ್ಲ. ರೈಲು ತಪ್ಪಿತು.